ನಮಸ್ಕಾರ ಮಾಡುವ ಮಗು

ಪುಷ್ಯ ಮಳೆ ಹಿಡಿಯಿತೆಂದರೆ ಹೆತ್ತೂರು ಕಡೆಯ ಗುಡ್ಡಗಳಲ್ಲಿ ಹಗಲು ಯಾವಾಗ ಮುಗಿಯಿತೆಂದು ಕೋಳಿಗಳಿಗೂ ತಿಳಿಯುವುದಿಲ್ಲ. ಮೂರು ಗಂಟೆಗೇ ಗೂಡು ಸೇರುತ್ತವೆ. ಮಂಜು ಸಿಲ್ವರ್ ಓಕ್ ಮರಗಳ ನೆತ್ತಿಯಿಂದ ಸೊಂಟಕ್ಕೆ, ಸೊಂಟದಿಂದ ಕಾಫಿ ಗಿಡಗಳ ಮೇಲಕ್ಕೆ ಇಳಿದು ಅಲ್ಲೇ ಕೂತುಬಿಡುತ್ತದೆ. ಹೆಂಚಿನ ಮೇಲೆ ಮಳೆ, ಹೆಂಚಿನ ಕೆಳಗೆ ಹೊಗೆ. ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮಗುವಿನ ಬಟ್ಟೆಗಳು ಒಣಗುತ್ತಿರುತ್ತವೆ. ಒಣಗಿದ ಬಟ್ಟೆಗೆ ಹೊಗೆಯ ವಾಸನೆ, ಆ ಬಟ್ಟೆ ತೊಟ್ಟ ಮಗುವಿಗೂ ಅದೇ ವಾಸನೆ. ನನಗೆ ಇವತ್ತಿಗೂ ತಮ್ಮನ ಎಳೆತನ ನೆನಪಾಗುವುದು ಹೊಗೆಯ ಜತೆಯಲ್ಲೇ.

ಅಂಥದೊಂದು ರಾತ್ರಿ. ನನಗೆ ಒಂಬತ್ತು ವರ್ಷ, ತಮ್ಮನಿಗೆ ಒಂದೂವರೆ. ಎರಡು ದಿನದಿಂದ ಅವನಿಗೆ ಶೀತ ಕಟ್ಟಿತ್ತು. ಅಂದು ಸಂಜೆಗೆ ಮೈ ಕಾದ ಕಾವಲಿ. ಅಮ್ಮ ಅವನನ್ನು ಮಡಿಲಲ್ಲಿ ಹಾಕಿಕೊಂಡು ಒಲೆಯ ಮುಂದೆ ಕೂತಿದ್ದಳು. ನಾವು ಅಕ್ಕಿರೊಟ್ಟಿ ಮುರಿಯುತ್ತಿದ್ದೆವು. ಇದ್ದಕ್ಕಿದ್ದಂತೆ ಅವನ ಕಣ್ಣುಗುಡ್ಡೆ ಮೇಲಕ್ಕೆ ಸರಿದು ಬಿಳಿ ಮಾತ್ರ ಉಳಿಯಿತು. ಮೈ ಸೌದೆಯ ಹಾಗೆ ಸೆಟೆಯಿತು. ಆಮೇಲೆ ಕೈಕಾಲು ಒಂದೇ ಲಯದಲ್ಲಿ ಅದುರತೊಡಗಿದವು. ಬಾಯಂಚಿನಲ್ಲಿ ನೊರೆ. ತುಟಿಗೆ ನೇರಳೆ ಹಣ್ಣಿನ ಬಣ್ಣ.

'ಬಾಲಗ್ರಹ ಕಣವ್ವಾ, ಬೀಗದ ಕೈ ತಗಂಬಾ!' ಎಂದು ಅಜ್ಜಿ ಕೂಗಿದಳು. ಕಣಜದ ಬೀಗದ ಕೈ ಬಂತು, ಗೇಣುದ್ದದ್ದು. ಅದನ್ನು ಮೊದಲು ಅಂಗೈಯಲ್ಲಿ ಒತ್ತಿದರು, ಆಮೇಲೆ ನಾಲಿಗೆ ಕಚ್ಚಿಕೊಳ್ಳಬಾರದೆಂದು ಹಲ್ಲಿನ ನಡುವೆ ತುರುಕಿದರು. ಚಿಕ್ಕಮ್ಮ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. ಪಕ್ಕದ ಮನೆಯವರು ಚಪ್ಪಲಿ ತಂದರು. ಯಾರೋ ಮುಖಕ್ಕೆ ತಣ್ಣೀರು ಎರಚಿದರು, ಇನ್ಯಾರೋ ಬಾಯಿಗೆ ನೀರು ಬಿಡಲು ಹೋದರು. ಅಪ್ಪ ಗೊರಬೆ ಹಾಕಿಕೊಂಡು ಬ್ಯಾಟರಿ ಹಿಡಿದು, ಎಸ್ಟೇಟಿನ ಜೀಪಿಗಾಗಿ ರೈಟರ ಮನೆಯ ಕಡೆ ಓಡಿದರು. ಗೂಟಕ್ಕೆ ನೇತುಹಾಕಿದ್ದ ಅವರ ಎಚ್‌ಎಂಟಿ ಕೈಗಡಿಯಾರ ಅಲ್ಲೇ ಟಿಕ್ ಟಿಕ್ ಅನ್ನುತ್ತಿತ್ತು. ಅಷ್ಟು ಜನರಲ್ಲಿ ಅದರ ಕಡೆ ತಿರುಗಿ ನೋಡಿದವರು ಒಬ್ಬರೂ ಇಲ್ಲ.

ಜೀಪು ಬರುವುದರೊಳಗೆ ಎಲ್ಲ ನಿಂತಿತ್ತು. ತಮ್ಮ ಒಂದು ನಿಟ್ಟುಸಿರು ಬಿಟ್ಟು, ಅತ್ತು, ನಿದ್ದೆ ಹೋದ. ತುಟಿಯ ಮೇಲೆ ರಕ್ತ. ಮುಂದಿನ ಹಾಲುಹಲ್ಲೊಂದು ಮುರಿದು ಅಮ್ಮನ ಸೀರೆಯ ಮೇಲೆ ಬಿದ್ದಿತ್ತು. ಅರ್ಧ ಗಂಟೆ ಎಳೆಯಿತು ಎಂದು ಮನೆಯವರೆಲ್ಲ ಹೇಳಿದರು. ಬೀಗದ ಕೈ ಇಲ್ಲದಿದ್ದರೆ ಮಗು ಉಳಿಯುತ್ತಿರಲಿಲ್ಲ ಅಂತಲೂ ಹೇಳಿದರು. ಆ ಬೀಗದ ಕೈ ಮುಂದೆ ನಮ್ಮ ಕೇರಿಯಲ್ಲಿ ಹೆಸರುವಾಸಿಯಾಯಿತು. ನಾಲ್ಕಾರು ಮನೆಗಳಿಗೆ ಹೋಗಿ ಬಂತು.

ಅದರ ಕೀರ್ತಿಯ ಗುಟ್ಟು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು. ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರದ ಜತೆ ಒಮ್ಮೆಯಾದರೂ ಹೀಗೆ ಸೆಳವು ಬರುತ್ತದೆ. 'ಜ್ವರ ನೆತ್ತಿಗೇರಿತು' ಅನ್ನುತ್ತೇವಲ್ಲ, ಅದು. ಅವುಗಳಲ್ಲಿ ಬಹುಪಾಲು ಎರಡು ಮೂರು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ನಿಲ್ಲುವ ಗಳಿಗೆಯಲ್ಲಿ ಮಗುವಿನ ಕೈಯಲ್ಲಿ ಏನಿತ್ತೋ ಅದಕ್ಕೆ ಹೆಸರು ಬರುತ್ತದೆ. ಬೀಗದ ಕೈ ಇದ್ದರೆ ಬೀಗದ ಕೈಗೆ, ಈರುಳ್ಳಿ ಇದ್ದರೆ ಈರುಳ್ಳಿಗೆ. ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ ಸುಮ್ಮನೆ ಕೂತವರಿಗೆ ಮಾತ್ರ ಯಾವ ಊರಿನಲ್ಲೂ ಹೆಸರು ಬಂದಿಲ್ಲ. ಮಾಡಬೇಕಾದ್ದು ಅದೇ ಆದರೂ.

ಅಜ್ಜಿಯನ್ನು ನಾನು ಹಳಿಯಲಾರೆ. ಬಾಲಗ್ರಹ ಅವಳು ಕಟ್ಟಿದ ಮಾತಲ್ಲ. ಸುಶ್ರುತ ಸಂಹಿತೆಯಲ್ಲಿ ಮಕ್ಕಳನ್ನು ಹಿಡಿಯುವ ಒಂಬತ್ತು ಗ್ರಹಗಳ ಪಟ್ಟಿಯಿದೆ; ಅದರಲ್ಲಿ ಒಂದರ ಹೆಸರು ಸ್ಕಂದಾಪಸ್ಮಾರ. ಪ್ರಜ್ಞೆ ತಪ್ಪುವುದು, ಕೈಕಾಲು ಕುಣಿಸುವುದು, ಬಾಯಲ್ಲಿ ನೊರೆ ಎಂದು ಅಲ್ಲಿ ಹೇಳಿರುವುದನ್ನು ಇಂದಿನ ಡಾಕ್ಟರು ಓದಿದರೂ ಫಿಟ್ಸ್ ಎಂದೇ ಗುರುತಿಸುತ್ತಾರೆ. ಕನ್ನಡದಲ್ಲೇ ದೇವೇಂದ್ರಮುನಿಯ 'ಬಾಲಗ್ರಹಚಿಕಿತ್ಸೆ' ಎಂಬ ಹಳೆಯ ಗ್ರಂಥವಿದೆ. ನೋಡುವ ಕಣ್ಣು ನಮ್ಮವರಿಗೆ ಆಗಲೂ ಇತ್ತು. ಕಾರಣ ಹುಡುಕುವಾಗ ಮಾತ್ರ ಆಕಾಶದ ಕಡೆ ನೋಡಿದರು. ಆಕಾಶದ ಕಾರಣಕ್ಕೆ ನೆಲದ ಮೇಲೆ ಮಾಡಿದ ಮದ್ದುಗಳಲ್ಲಿ ಬರೆ ಎಳೆಯುವುದೂ ಒಂದು. ಕಾಯಿಸಿದ ಬಳೆಯ ಚೂರಿನಿಂದ, ಊದುಬತ್ತಿಯಿಂದ ಎಳೆಗೂಸಿನ ಹೊಟ್ಟೆಗೆ ಸುಡುವುದು. ಅದು ಪೂರ್ತಿ ನಿಂತಿಲ್ಲ. ಸುಟ್ಟ ಗಾಯ ಕೀವು ತುಂಬಿ ಆಸ್ಪತ್ರೆಗೆ ಬರುವ ಕೂಸುಗಳ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಈಗಲೂ ಬರುತ್ತದೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈ ಓಡುವುದಿಲ್ಲ.

ಸಕಲೇಶಪುರದ ಗುಡ್ಡಗಳಿಂದ ಪೂರ್ವಕ್ಕೆ ಬಂದರೆ ಆಲೂರು. ಇಲ್ಲಿ ಬೆಟ್ಟ ಸ್ವಲ್ಪ ಮೈ ಸಡಿಲಿಸಿ ಕೂತಿದೆ. ತೋಟಗಳ ನಡುವೆ ಗದ್ದೆ, ಗದ್ದೆಯಾಚೆ ಹೇಮಾವತಿಯ ಹಿನ್ನೀರು, ಹಿನ್ನೀರಿನ ಅಂಚಿನಲ್ಲಿ ಆನೆಯ ಹೆಜ್ಜೆ. ಹಲಸು ಹಣ್ಣಾಗುವ ಕಾಲಕ್ಕೆ ಆನೆಗಳಿಗೆ ತೋಟದ ಒಂದೊಂದು ಮರವೂ ಗೊತ್ತು. ಒಂದು ಮಾರ್ಚ್ ಬೆಳಿಗ್ಗೆ ಆ ಕಡೆಯ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯೊಬ್ಬರ ಹಿಂದೆ ಅರ್ಧ ದಿನ ಅಲೆದೆ. ಹೂಮಳೆ ಬಿದ್ದು ಎಂಟು ಒಂಬತ್ತು ದಿನವಾಗಿತ್ತು. ರೋಬಸ್ಟಾ ಗಿಡಗಳ ಮೇಲೆ ಯಾರೋ ಅಕ್ಕಿ ಚೆಲ್ಲಿದ ಹಾಗೆ ಹೂ. ಮಲ್ಲಿಗೆಗೂ ಜೇನಿಗೂ ನಡುವಿನ ಆ ವಾಸನೆಗೆ ತಲೆ ಹಗುರಾಗುತ್ತದೆ. ಆಕೆಗೆ ಇದಾವುದರ ಮೇಲೂ ಗಮನವಿರಲಿಲ್ಲ. ಹೆಗಲ ಚೀಲದಲ್ಲಿ ತೂಕದ ತಕ್ಕಡಿ, ಥರ್ಮಾಮೀಟರು, ಕೈಗಡಿಯಾರ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಮನೆಗೆ ಮೂರನೆಯ ದಿನ, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ಕೊನೆಗೆ ನಲವತ್ತೆರಡನೆಯ ದಿನ ಹೋಗಿ ಕೂಸನ್ನು ನೋಡಿ ಬರಬೇಕು. ಅದು ಆಕೆಯ ಲೆಕ್ಕ.

ಮೊದಲ ಮನೆಯಲ್ಲಿ ಏಳು ದಿನದ ಹಸುಗೂಸು. ಬಾಣಂತಿಗೆ ದಿಗಿಲು: 'ಅಳುವಾಗ ಗಲ್ಲ ನಡುಗುತ್ತೆ ಅಕ್ಕಾ, ಕೈಯೂ ಪಟಪಟ ಅದುರುತ್ತೆ, ಪಿಡ್ಸಾ?' ಆಕೆ ಉತ್ತರ ಹೇಳಲಿಲ್ಲ. ಅದುರುತ್ತಿದ್ದ ಪುಟ್ಟ ಕೈಯನ್ನು ತನ್ನ ಮುಷ್ಟಿಯಲ್ಲಿ ಮೆಲ್ಲಗೆ ಹಿಡಿದರು. ಅದುರು ನಿಂತಿತು. ಬಿಟ್ಟರು, ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಹಿಡಿದರು, ಮತ್ತೆ ನಿಂತಿತು. 'ಹಿಡಿದರೆ ನಿಂತರೆ ನಡುಕ. ಹಿಡಿದ ಕೈಯೊಳಗೂ ಕುಟ್ಟುತ್ತಲೇ ಇದ್ದರೆ ಅದು ಸೆಳವು, ಕಣ್ಣೂ ಒಂದು ಕಡೆಗೆ ಎಳೆದಿರುತ್ತೆ.' ಇಷ್ಟೇ. ಯಂತ್ರವಿಲ್ಲ, ತಂತಿಯಿಲ್ಲ. ಹಾಗಂತ ನಡುಕವನ್ನು ಮರೆತುಬಿಡಬೇಕೆಂದೂ ಅಲ್ಲ. ಕೂಸು ಮಂಕಾಗಿ, ಮೊಲೆ ಹಿಡಿಯದೆ ನಡುಗುತ್ತಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಹುಟ್ಟಿದ ಮೊದಲ ಗಂಟೆಯೊಳಗೆ ಎದೆಹಾಲು ಕೊಡಿ ಎಂದು ಆಕೆ ಮನೆಮನೆಯಲ್ಲಿ ಗಂಟಲು ಹರಿದುಕೊಳ್ಳುವುದಕ್ಕೆ ಅದೂ ಒಂದು ಕಾರಣ.

ಹಸುಗೂಸಿನ ಸೆಳವು ದೊಡ್ಡವರ ಸೆಳವಿನ ಹಾಗೆ ಗದ್ದಲ ಮಾಡುವುದಿಲ್ಲ. ಮೊದಲ ತಿಂಗಳಿನಲ್ಲಿ ಮಿದುಳಿನ ತಂತಿಗಳೇ ಇನ್ನೂ ಪೂರ್ತಿ ಜೋಡಣೆಯಾಗಿರುವುದಿಲ್ಲ. ಅಲ್ಲಿ ಎದ್ದ ಬಿರುಗಾಳಿ ಮೈಯೆಲ್ಲ ಹರಡದೆ ಚೂರುಚೂರಾಗಿ ಹೊರಗೆ ಕಾಣುತ್ತದೆ. ಕೂಸು ತುಟಿ ಚಪ್ಪರಿಸುತ್ತದೆ, ಹಾಲಿನ ಹೊತ್ತಲ್ಲದಿದ್ದರೂ. ಸೈಕಲ್ ತುಳಿದ ಹಾಗೆ ಕಾಲಾಡಿಸುತ್ತದೆ. ಒಂದೇ ಕಡೆ ನೋಟ ನೆಟ್ಟು, ಕೂಗಿದರೂ ತಿರುಗುವುದಿಲ್ಲ. ಕೆಲವು ಸಲ ಉಸಿರು ಹದಿನೈದಿಪ್ಪತ್ತು ಸೆಕೆಂಡು ನಿಂತು, ತುಟಿ ಕಪ್ಪಾಗಿ, ಮತ್ತೆ ಶುರುವಾಗುತ್ತದೆ. ಮನೆಯವರು 'ಕನಸು ಕಾಣ್ತಿದೆ' ಅನ್ನುತ್ತಾರೆ. ಕನಸಿನ ಕುಣಿತವೂ ಉಂಟು. ಗಾಢ ನಿದ್ದೆಯಲ್ಲಿ ಮಾತ್ರ ಕೈಕಾಲು ಸಿಡಿಸಿ, ಎಬ್ಬಿಸಿದ ಕೂಡಲೇ ನಿಲ್ಲುವ ಆಟವದು, ಭಯಪಡುವಂಥದ್ದಲ್ಲ. ಎಚ್ಚರದಲ್ಲೂ ಬರುವುದು, ಒಂದೇ ರೀತಿಯಲ್ಲಿ ಮತ್ತೆ ಮತ್ತೆ ಬರುವುದು, ಮುಟ್ಟಿದರೂ ನಿಲ್ಲದಿರುವುದು ಬೇರೆ. ಆರು ತಿಂಗಳೊಳಗಿನ ಮಗುವಿಗೆ ಸೆಳವೆಂಬ ಅನುಮಾನ ಬಂದರೂ ಸಾಕು, ಅದು ಅಂದೇ ಆಸ್ಪತ್ರೆ ಸೇರಬೇಕಾದ ಸಂಗತಿ. ಬೆಳಗಾಗಲಿ ಎಂದು ಕಾಯುವುದಲ್ಲ.

ಮಧ್ಯಾಹ್ನ ಒಂದು ಮನೆಯ ಜಗಲಿಯಲ್ಲಿ ಕಾಫಿ ಕೊಟ್ಟರು. ಬೆಲ್ಲದ ಕಾಫಿ. ಲೋಟ ಕೆಳಗಿಟ್ಟು ಆಕೆ ಎದುರಿನ ದಿಬ್ಬದ ಕಡೆ ಕೈ ತೋರಿಸಿ, ಅಲ್ಲಿಯ ತೋಟದ ಕಾರ್ಮಿಕರ ಲೈನ್ ಮನೆಯೊಂದರಲ್ಲಿ ನಡೆದದ್ದನ್ನು ಹೇಳಿದರು. ನಾನು ಈ ಲೇಖನ ಬರೆಯಲು ಕೂತದ್ದೇ ಆ ಮಾತು ಕೇಳಿದ ಮೇಲೆ.

ಆರು ತಿಂಗಳ ಕೂಸು. ಹುಟ್ಟಿದಾಗ ತಡವಾಗಿ ಅತ್ತಿತ್ತು, ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಆಮೇಲೆ ಚೆನ್ನಾಗಿಯೇ ಇತ್ತು: ನಗುತ್ತಿತ್ತು, ಕತ್ತು ನಿಂತಿತ್ತು. ಒಂದು ದಿನ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಅಜ್ಜಿ ಹೆಮ್ಮೆಯಿಂದ ಕರೆದಳಂತೆ: 'ಬಾ ಇಲ್ಲಿ, ನೋಡು ನಮ್ಮ ಮಗೀನ. ನಿದ್ದೆ ತಿಳಿದೆದ್ದ ತಕ್ಷಣ ದೇವರಿಗೆ ನಮಸ್ಕಾರ ಮಾಡುತ್ತೆ.' ಕೂಸನ್ನು ಚಾಪೆಯ ಮೇಲೆ ಕೂರಿಸಿ ಹಿಡಿದಿದ್ದಳು. ತಲೆ ಮುಂದಕ್ಕೆ ಬಾಗಿತು, ಎರಡೂ ತೋಳು ಮೇಲೆದ್ದು ಮುಂದೆ ಬಂದವು, ಒಂದು ಸೆಕೆಂಡು, ಸಡಿಲವಾಯಿತು. ಐದಾರು ಸೆಕೆಂಡು ಬಿಟ್ಟು ಮತ್ತೆ ಅದೇ. ಮತ್ತೆ. ಅಜ್ಜಿ ಚಪ್ಪಾಳೆ ತಟ್ಟುತ್ತಿದ್ದಳು, ಮನೆಯ ಮಕ್ಕಳು ನಗುತ್ತಿದ್ದರು. ಈಕೆ ಎಣಿಸಿದರು. ಹದಿನಾಲ್ಕು ನಮಸ್ಕಾರ. ಸಾಲು ಮುಗಿದ ಮೇಲೆ ಕೂಸು ಜೋರಾಗಿ ಅತ್ತಿತು. 'ಈಗೀಗ ನಿಮ್ಮ ಮುಖ ನೋಡಿ ನಗುತ್ತಾ?' ಎಂದು ಕೇಳಿದರೆ ತಾಯಿ ಉತ್ತರ ಕೊಡದೆ ನೆಲ ನೋಡಿದಳು.

ಈ ನಮಸ್ಕಾರಕ್ಕೆ ವೈದ್ಯಲೋಕದಲ್ಲೂ ಹೆಚ್ಚುಕಡಿಮೆ ಅದೇ ಹೆಸರಿತ್ತು ಅಂದರೆ ನಂಬಬೇಕು: ಸಲಾಂ ಸೆಳವು. 1841ರಲ್ಲಿ ವಿಲಿಯಂ ಜೇಮ್ಸ್ ವೆಸ್ಟ್ ಎಂಬ ಇಂಗ್ಲೆಂಡಿನ ವೈದ್ಯ 'ಲ್ಯಾನ್ಸೆಟ್' ಪತ್ರಿಕೆಗೆ ಒಂದು ಕಾಗದ ಬರೆದ. ತನ್ನ ಸ್ವಂತ ಮಗ ತಲೆಯನ್ನು ಮೊಣಕಾಲಿನ ಕಡೆಗೆ ಬಾಗಿಸಿ ಬಾಗಿಸಿ ಏಳುತ್ತಾನೆ, ಸಾಲುಸಾಲಾಗಿ, ದಿನದಲ್ಲಿ ಹಲವು ಸಲ. ಇಂಥದ್ದನ್ನು ಕಂಡವರು ಯಾರಾದರೂ ಇದ್ದರೆ ತಿಳಿಸಿ ಎಂಬುದು ಅದರ ತಿರುಳು. ಡಾಕ್ಟರನಾಗಿ ಬರೆದದ್ದಕ್ಕಿಂತ ಅಪ್ಪನಾಗಿ ಬರೆದದ್ದೇ ಹೆಚ್ಚು. ಈಗ ಆ ರೋಗಕ್ಕೆ ಅವನದೇ ಹೆಸರು, ವೆಸ್ಟ್ ಸಿಂಡ್ರೋಮ್. ಸಾಮಾನ್ಯವಾಗಿ ಮೂರು ತಿಂಗಳಿಂದ ಒಂದು ವರ್ಷದೊಳಗೆ, ಅದರಲ್ಲೂ ನಾಲ್ಕರಿಂದ ಏಳು ತಿಂಗಳ ನಡುವೆ ಶುರುವಾಗುತ್ತದೆ. ನಿದ್ದೆಯಿಂದ ಎದ್ದ ಹೊತ್ತೇ ಅದರ ಹೊತ್ತು. ಹುಟ್ಟುವಾಗ ಮಿದುಳಿಗೆ ಉಸಿರು ಸಾಲದೆ ಹೋದದ್ದು, ಹುಟ್ಟಿದ ಮೊದಲ ದಿನಗಳಲ್ಲಿ ಸಕ್ಕರೆ ತೀರಾ ಇಳಿದದ್ದು ನಮ್ಮ ದೇಶದಲ್ಲಿ ಇದರ ಹಿಂದಿರುವ ಮುಖ್ಯ ಕಾರಣಗಳು.

ದೊಡ್ಡ ಸೆಳವು ಬಂದರೆ ಊರೇ ಓಡಿಬರುತ್ತದೆ. ಅದು ಹೆಚ್ಚಿನ ಸಲ ಮಗುವಿಗೆ ಏನೂ ಮಾಡದೆ ಹೋಗುತ್ತದೆ. ಈ ಪುಟ್ಟ ನಮಸ್ಕಾರಕ್ಕೆ ಯಾರೂ ಓಡುವುದಿಲ್ಲ, ಆದರೆ ಒಳಗೆ ಹಾಳು ಮಾಡುವುದು ಇದೇ. ಒಂದೊಂದು ಬಾಗೂ ಒಂದೆರಡು ಸೆಕೆಂಡು ಮಾತ್ರ, ನೊರೆಯಿಲ್ಲ, ಜ್ವರವಿಲ್ಲ. ಆದರೆ ಎರಡು ಸಾಲುಗಳ ನಡುವಿನ ಹೊತ್ತಿನಲ್ಲೂ ಮಿದುಳಿನ ವಿದ್ಯುತ್ತು ದಿಕ್ಕು ತಪ್ಪಿಯೇ ಇರುತ್ತದೆ. ಮಗು ಕಲಿತದ್ದನ್ನು ಮರೆಯುತ್ತದೆ: ಮೊದಲು ನಗು, ಆಮೇಲೆ ತಾಯಿಯ ಮುಖದ ಗುರುತು, ಆಮೇಲೆ ನಿಂತಿದ್ದ ಕತ್ತು. ವಾಯುವಿನ ನೋವು ಎಂದು ಓಮದ ನೀರು ಕುಡಿಸುತ್ತ, ಬೆಚ್ಚಿ ಬೀಳುತ್ತಿದೆ ಎಂದು ತಾಯಿತ ಕಟ್ಟಿಸುತ್ತ ತಿಂಗಳುಗಳು ಹೋಗುತ್ತವೆ. ಬೆಚ್ಚುವುದು ಸದ್ದಿಗೆ, ಅಥವಾ ಎತ್ತಿದವರ ಕೈ ಜಾರಿದಂತಾದಾಗ. ಒಂದು ಸಲ ಬೆಚ್ಚಿ ಮುಗಿಯುತ್ತದೆ, ನಾಲ್ಕೈದು ತಿಂಗಳಿಗೆ ಅದೂ ಮರೆಯಾಗುತ್ತದೆ. ಸದ್ದಿಲ್ಲದೆ, ಕಾರಣವಿಲ್ಲದೆ, ಸಾಲಾಗಿ ಬಂದರೆ ಅದು ಬೆಚ್ಚುವುದಲ್ಲ. ಇದಕ್ಕೆ ಮದ್ದಿದೆ. ಎಸಿಟಿಎಚ್ ಚುಚ್ಚುಮದ್ದು, ಬಾಯಿಂದ ಕೊಡುವ ಪ್ರೆಡ್ನಿಸೊಲೋನ್, ವಿಗಾಬ್ಯಾಟ್ರಿನ್. ಯಾವುದು, ಎಷ್ಟು ಎಂಬುದನ್ನು ಇಇಜಿ ನೋಡಿದ ಮಕ್ಕಳ ನರರೋಗ ತಜ್ಞರೇ ಹೇಳಬೇಕು. ಶುರುವಾದ ಮೊದಲ ವಾರಗಳಲ್ಲಿ ಕೊಟ್ಟ ಮದ್ದು ತಿಂಗಳುಗಳ ನಂತರ ಕೊಟ್ಟ ಮದ್ದಿನ ಹಾಗಲ್ಲ.

ಆಶಾ ಕಾರ್ಯಕರ್ತೆ ಅಂದು ಮಾಡಿದ್ದು ಒಂದು ಸಣ್ಣ ಕೆಲಸ. ಫೋನು ತೆಗೆದು, ಕೂಸಿನ ಮುಖ, ಎರಡೂ ಕೈ, ಕಾಲು ಕಾಣುವ ಹಾಗೆ, ಅಲ್ಲಾಡಿಸದೆ ವಿಡಿಯೊ ಹಿಡಿದರು. ಡಾಕ್ಟರ ಮೇಜಿನ ಮುಂದೆ ಕೂಸು ನಮಸ್ಕಾರ ಮಾಡಲೇಬೇಕೆಂದಿಲ್ಲವಲ್ಲ. ತಾಯಿ ಬಾಯಲ್ಲಿ ಹೇಳಿದರೆ ಅದು 'ಏನೋ ಒಂಥರಾ ಮಾಡುತ್ತೆ' ಆಗುತ್ತದೆ. ವಿಡಿಯೊ ನೋಡಿದರೆ ತಜ್ಞರಿಗೆ ಒಂದು ನಿಮಿಷ ಸಾಕು. ಮೊದಲು ಹಾಸನ, ಅಲ್ಲಿಂದ ಬೆಂಗಳೂರು. ಮದ್ದು ಶುರುವಾಗಿ ಎರಡು ವಾರದಲ್ಲಿ ನಮಸ್ಕಾರ ನಿಂತಿತಂತೆ. ಈಗ ಆ ಮಗು ಗೋಡೆ ಹಿಡಿದು ನಡೆಯುತ್ತದೆ. ಮಾತು ಇನ್ನೂ ಬಂದಿಲ್ಲ. ಅಜ್ಜಿ ತಾನು ಚಪ್ಪಾಳೆ ತಟ್ಟಿದ್ದನ್ನು ನೆನೆದು ಈಗಲೂ ಅಳುತ್ತಾಳೆ ಎಂದು ಹೇಳಿ ಆಕೆ ಲೋಟ ಎತ್ತಿಕೊಂಡರು. ಕಾಫಿ ಆರಿತ್ತು.

ಮಲೆನಾಡಿನ ಬಚ್ಚಲಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಾವು ಹುಟ್ಟಿ ಬೆಳೆದದ್ದೇ ಅಲ್ಲಿ. ತಾಮ್ರದ ಹಂಡೆ, ಅದರ ಕೆಳಗೆ ಬೇರುಗುಡ್ಡೆಯ ಉರಿ, ಹಬೆಯಲ್ಲಿ ಕಾಣದ ಮುಖಗಳು. ಕಾಲು ನೀಡಿ ಕೂತ ಅಜ್ಜಿಯ ಮೊಣಕಾಲುಗಳ ಮೇಲೆ ಎಣ್ಣೆ ಹಚ್ಚಿದ ಕೂಸು ಬೋರಲಾಗಿ. ಮೇಲಿಂದ ಚೊಂಬು ಚೊಂಬು ಬಿಸಿನೀರು. ಕೆಂಪಗಾದಷ್ಟೂ ಸ್ನಾನ ಚೆನ್ನಾಯಿತೆಂದು ಲೆಕ್ಕ. ಈ ಸುಖದಲ್ಲೇ ಒಂದು ಸೆಳವು ಅಡಗಿದೆ, ಅದು ಲೋಕದಲ್ಲಿ ಹೆಚ್ಚಾಗಿ ಕಾಣಿಸುವ ಜಾಗಗಳಲ್ಲಿ ನಮ್ಮ ದಕ್ಷಿಣ ಕರ್ನಾಟಕವೂ ಒಂದು. ತಲೆಯ ಮೇಲೆ ಬಿಸಿನೀರು ಒಂದೇ ಸಮನೆ ಸುರಿದಾಗ ಮಾತ್ರ ಬರುವ ಅಪಸ್ಮಾರ ಅದು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ, ಆಮೇಲೆ ನಿಮ್ಹಾನ್ಸಿನ ಡಾ. ಪಿ. ಸತೀಶ್‌ಚಂದ್ರ ಇದರ ಬಗ್ಗೆ ಮಾಡಿದ ಕೆಲಸವನ್ನು ಹೊರದೇಶದವರೂ ಓದುತ್ತಾರೆ. ಹೆಚ್ಚಾಗಿ ಸ್ವಲ್ಪ ಬೆಳೆದ ಮಕ್ಕಳಲ್ಲಿ, ದೊಡ್ಡವರಲ್ಲಿ ಬರುತ್ತದೆ; ಎಳೆಯ ಮಕ್ಕಳಲ್ಲೂ ಕಂಡದ್ದಿದೆ. ಸ್ನಾನದ ನಡುವೆ ಮಗು ಬೆಪ್ಪಾಗಿ ಒಂದೇ ಕಡೆ ನೋಡುತ್ತ ಜೋತುಬಿದ್ದರೆ ನೀರಿನ ಸುಖಕ್ಕೆ ತೂಕಡಿಸಿತು ಎಂದುಕೊಳ್ಳಬೇಡಿ. ಮೊದಲ ಮದ್ದು ಸುಲಭದ್ದು: ನೀರು ಉಗುರುಬೆಚ್ಚಗಿರಲಿ, ಮೈಗೆ ಮೊದಲು ಹಾಕಿ, ತಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಅಷ್ಟಕ್ಕೂ ನಿಲ್ಲದಿದ್ದರೆ ಡಾಕ್ಟರಿದ್ದಾರೆ.

ಬಚ್ಚಲಿನಿಂದ ಹೊರಗೆ ಬಂದ ಕೂಸಿಗೆ ಶೀತವಾಗದಿರಲೆಂದು ಎದೆಗೆ ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ತಿಕ್ಕುತ್ತಾರೆ, ಮೂಗಿನ ಹತ್ತಿರ ನೀಲಗಿರಿ ಎಣ್ಣೆ ಸವರುತ್ತಾರೆ. ಈ ಎರಡೂ ಸೆಳವು ಕೆರಳಿಸಬಲ್ಲವು. ಎಳೆಯ ಮಗು ಕರ್ಪೂರದ ಚೂರೊಂದನ್ನು ನುಂಗಿದರೂ ಅಪಾಯ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಈ ಎಣ್ಣೆಗಳಿಗೂ ಸೆಳವಿಗೂ ಇರುವ ನಂಟನ್ನು ವರ್ಷಗಳಿಂದ ಬೆನ್ನುಹತ್ತಿ ಬರೆದಿದ್ದಾರೆ. ದೇವರ ಮುಂದಿನ ತಟ್ಟೆಯಲ್ಲಿ ಕರ್ಪೂರಕ್ಕೆ ಜಾಗವಿದೆ, ತೊಟ್ಟಿಲಲ್ಲಿ ಇಲ್ಲ.

ಇನ್ನು ದಾರಿ. ಬಯಲುಸೀಮೆಯವರಿಗೆ ಆಸ್ಪತ್ರೆಯ ದೂರ ಕಿಲೋಮೀಟರಿನಲ್ಲಿ. ನಮಗೆ ಮಳೆ, ಮಂಜು, ಆನೆ ಮತ್ತು ಜೀಪಿನ ಲೆಕ್ಕದಲ್ಲಿ. ಸಕಲೇಶಪುರದಿಂದ ಹಾಸನಕ್ಕೆ ನಲವತ್ತು ಕಿಲೋಮೀಟರು ಅಷ್ಟೆ. ಆದರೆ ಬಿಸಿಲೆ ಕಡೆಯ ಒಂಟಿಮನೆಯಿಂದ ಸಕಲೇಶಪುರಕ್ಕೆ ಬರುವುದೇ ಒಂದು ಯಾತ್ರೆ. ದೋಣಿಗಾಲ್ ಬಳಿ ಹೆದ್ದಾರಿ ಜರಿದ ಮಳೆಗಾಲಗಳನ್ನು ಕಂಡಿದ್ದೇವೆ. ತೋಟದ ದಾರಿಯಲ್ಲಿ ಕಾಡಾನೆ ನಿಂತಿದೆ ಎಂದು ಅರಣ್ಯ ಇಲಾಖೆಯ ಸಂದೇಶ ಮೊಬೈಲಿಗೆ ಬಂದ ರಾತ್ರಿ ಯಾರು ಹೊರಗೆ ಹೊರಡುತ್ತಾರೆ? 2008ರಿಂದ 108ರ ಆಂಬುಲೆನ್ಸ್ ಇದೆ, ಅದು ಬಂದು ಬದುಕಿದವರು ಬಹಳ. ಆದರೂ ಸಿಗ್ನಲ್ ಸಿಗಲು ಗುಡ್ಡದ ನೆತ್ತಿಗೆ ಹತ್ತಬೇಕಾದ ಮನೆಗಳು ಇನ್ನೂ ಇವೆ. ಅಸ್ಸಾಮಿನಿಂದ ಬಂದ ಕಾರ್ಮಿಕರ ಲೈನುಗಳಲ್ಲಿ ಸಿಗ್ನಲ್ ಸಿಕ್ಕರೂ ಮಾತು ಸಿಗುವುದಿಲ್ಲ. ಹೀಗಾಗಿ ಇಲ್ಲಿ ಮೊದಲ ಐದು ನಿಮಿಷದ ಆಸ್ಪತ್ರೆ ಮನೆಯೇ.

ಆ ಐದು ನಿಮಿಷದಲ್ಲಿ ಮನೆ ಮಾಡಬೇಕಾದ್ದು ಬಹಳ ಕಡಿಮೆ, ಅದೇ ಅದರ ಕಷ್ಟ. ಮೊದಲು ಗಡಿಯಾರ ನೋಡಿ. ಮಗುವನ್ನು ಮಡಿಲಿನಿಂದ ಇಳಿಸಿ ಚಾಪೆಯ ಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಜೊಲ್ಲು, ವಾಂತಿ ಹೊರಗೆ ಹರಿದುಹೋಗಲಿ. ಒಲೆ, ಕತ್ತಿ, ಮಂಚದ ಅಂಚು ದೂರವಿರಲಿ. ಕತ್ತಿನ ಬಳಿಯ ಗುಂಡಿ, ಕುಲಾವಿಯ ದಾರ ಬಿಚ್ಚಿ. ಅದುರುವ ಕೈಕಾಲನ್ನು ಅದುಮಿ ಹಿಡಿಯಬೇಡಿ. ಬಾಯೊಳಗೆ ಏನೂ ಬೇಡ: ಚಮಚ, ಬಟ್ಟೆ, ಬೆರಳು, ನೀರು, ಹಾಲು, ಔಷಧಿ ಏನೂ. ನಾಲಿಗೆ ನುಂಗಿಕೊಳ್ಳುತ್ತದೆ ಎಂಬುದು ಸುಳ್ಳು. ಸುತ್ತ ನಿಂತ ಹತ್ತು ಮಂದಿಯಲ್ಲಿ ಒಬ್ಬರು ವಿಡಿಯೊ ಹಿಡಿಯಲಿ, ಒಬ್ಬರು 108ಕ್ಕೆ ಕರೆಮಾಡಲಿ, ಉಳಿದವರು ಹೊರಗೆ ಹೋಗಿ ಮಗುವಿಗೆ ಗಾಳಿ ಬಿಡಲಿ. ಸೆಳವು ನಿಂತು ಮಗು ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ಹನಿ ನೀರೂ ಬೇಡ. ಜ್ವರವಿದ್ದರೆ ಬಟ್ಟೆ ಸಡಿಲಿಸಿ; ತಣ್ಣೀರಿನಲ್ಲಿ ಅದ್ದಬೇಡಿ. ಪ್ಯಾರಾಸಿಟಮಾಲ್ ಮಗುವಿನ ಸಂಕಟ ಇಳಿಸುತ್ತದೆ, ಮುಂದಿನ ಸೆಳವನ್ನು ತಡೆಯುವುದಿಲ್ಲ. ಒಮ್ಮೆ ಜ್ವರದ ಸೆಳವು ಬಂದ ಮೂರು ಮಕ್ಕಳಲ್ಲಿ ಒಂದಕ್ಕೆ ಅದು ಮತ್ತೆ ಬರುತ್ತದೆ, ಅದು ತಾಯಿಯ ತಪ್ಪಲ್ಲ.

ಗಡಿಯಾರ ಐದು ನಿಮಿಷ ದಾಟಿತೋ, ಇನ್ನು ಅದು ತಾನಾಗಿ ನಿಲ್ಲುವ ಭರವಸೆ ಕಡಿಮೆ. ಆಗ ಮಂಜೋ ಮಳೆಯೋ, ಹೊರಡಲೇಬೇಕು. ಮೊದಲೇ ಸೆಳವು ಬಂದ ಮಕ್ಕಳ ಮನೆಗಳಲ್ಲಿ ಈಗ ಡಾಕ್ಟರು ಬರೆದುಕೊಟ್ಟ ಮಿಡಜೋಲಮ್ ಮೂಗಿನ ಸ್ಪ್ರೇ ಇರುತ್ತದೆ. ತೂಕ ನೋಡಿ ಅವರು ಹೇಳಿಕೊಟ್ಟಷ್ಟನ್ನು ಮೂಗಿಗೆ ಸಿಡಿಸಿದರೆ ದಾರಿಯಲ್ಲೇ ಸೆಳವು ತಗ್ಗಬಹುದು. ಸೆಳವು ಚಿಕ್ಕದಾದರೂ ಒಂದೇ ದಿನ ಮರುಕಳಿಸಿದರೆ, ಮೈಯ ಒಂದೇ ಪಕ್ಕ ಎಳೆದರೆ, ನಿಂತ ಮೇಲೂ ಮಗು ಎಚ್ಚರವಾಗದಿದ್ದರೆ, ನೆತ್ತಿಯ ಸುಳಿ ಉಬ್ಬಿದ್ದರೆ, ಬಿದ್ದು ಪೆಟ್ಟಾಗಿದ್ದರೆ ಗಡಿಯಾರದ ಲೆಕ್ಕವೂ ಬೇಡ. ಜ್ವರವಿಲ್ಲದೆ ಬಂದ ಮೊದಲ ಸೆಳವಿಗೂ ಅಷ್ಟೆ. ಸಕಲೇಶಪುರದ ಸರ್ಕಾರಿ ಆಸ್ಪತ್ರೆಗೆ ಇವತ್ತಿಗೂ ಕ್ರಾಫರ್ಡ್ ಎಂಬ ಹಳೆಯ ಪ್ಲಾಂಟರನ ಹೆಸರಿದೆ. ಅಲ್ಲಾಗಲಿ, ಆಲೂರಿನಲ್ಲಾಗಲಿ, ಹಾಸನದ ಹಿಮ್ಸ್‌ನಲ್ಲಾಗಲಿ ಮೊದಲು ನೋಡುವುದು ಉಸಿರು, ಆಮೇಲೆ ಒಂದು ತೊಟ್ಟು ರಕ್ತದಲ್ಲಿ ಸಕ್ಕರೆ. 'ಎಷ್ಟು ಹೊತ್ತು ಬಂತು?' ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ. 'ಅರ್ಧ ಗಂಟೆ' ಎಂಬ ಅಂದಾಜಿಗೂ 'ಎಂಟು ಹತ್ತಕ್ಕೆ ಶುರು, ಎಂಟು ಹದಿಮೂರಕ್ಕೆ ನಿಂತಿತು' ಎಂಬ ಮಾತಿಗೂ ಮುಂದಿನ ಚಿಕಿತ್ಸೆಯೇ ಬೇರೆಯಾದೀತು.

ನನ್ನ ತಮ್ಮನಿಗೆ ಈಗ ನಲವತ್ತು ದಾಟಿದೆ. ಬಾಳ್ಳುಪೇಟೆಯಲ್ಲಿ ಮೆಣಸು, ಏಲಕ್ಕಿ ವ್ಯಾಪಾರ ಮಾಡುತ್ತಾನೆ. ಲೆಕ್ಕದಲ್ಲಿ ಒಂದು ಪೈಸೆ ತಪ್ಪುವವನಲ್ಲ. ಆ ರಾತ್ರಿಯ ಸೆಳವು ಅವನ ಮೇಲೆ ಯಾವ ಗುರುತನ್ನೂ ಉಳಿಸಲಿಲ್ಲ. ಬೀಗದ ಕೈ ಉಳಿಸಿತು. ಹಾಲುಹಲ್ಲು ಮುರಿದ ಜಾಗದಲ್ಲಿ ಬಂದ ಹಲ್ಲು ವಾರೆಯಾಗಿ ಬಂತು, ನಕ್ಕಾಗ ಕಾಣುತ್ತದೆ.